ಅಣು ಒಂದೇ, ಜೆಲ್ ಬೇರೆ: ಮೆದು ಪದಾರ್ಥದ ಒಳಗನ್ನು ನ್ಯಾನೋ ಅಳತೆಯಲ್ಲಿ ನೋಡುವ ಸವಾಲು

2021ರ ಡಿಸೆಂಬರಿನಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಲ್ಯಾನ್ರಿಯೊಟೈಡ್ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ವಾಣಿಜ್ಯ ಪುಟದಲ್ಲಿ ಬಂದು ಹೋದ ಸುದ್ದಿ ಅದು. ಆ ಸಿರಿಂಜಿನ ಒಳಗಿರುವ ಪದಾರ್ಥದ ಬಗ್ಗೆ ಮಾತ್ರ ಹೆಚ್ಚು ಚರ್ಚೆಯಾಗಲಿಲ್ಲ. ಲ್ಯಾನ್ರಿಯೊಟೈಡ್ ಎಂಟು ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್. ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸ್ರವಿಸುವ ಅಕ್ರೊಮೆಗಲಿ ಎಂಬ ಕಾಯಿಲೆಗೂ ಕೆಲವು ಬಗೆಯ ಗಂತಿಗಳಿಗೂ ಅದನ್ನು ಕೊಡುತ್ತಾರೆ. ನೀರಿನಲ್ಲಿ ಸಾಕಷ್ಟು ದಟ್ಟವಾಗಿ ಕಲಸಿದರೆ ಈ ಅಣುಗಳು ಯಾರೂ ಹೊಲಿಯದೆ, ಯಾರೂ ಅಂಟಿಸದೆ ತಾವಾಗಿಯೇ ಒಂದರ ಪಕ್ಕ ಒಂದು ಸೇರಿ ಕೊಳವೆಗಳಾಗುತ್ತವೆ. ಪ್ರತಿ ಕೊಳವೆಯ ಅಗಲ ಸುಮಾರು 24 ನ್ಯಾನೋಮೀಟರ್. ಒಂದಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಕೊಳವೆಗಳು ಒತ್ತೊತ್ತಾಗಿ ನೆರೆದಾಗ ದ್ರಾವಣ ಜೆಲ್ ಆಗುತ್ತದೆ. ಚರ್ಮದಡಿಯ ಆಳಕ್ಕೆ ಚುಚ್ಚಿದ ಆ ಜೆಲ್‌ನಿಂದ ಔಷಧ ವಾರಗಟ್ಟಲೆ ಸೋಸಿಕೊಂಡು ಬರುತ್ತದೆ. ಹೀಗಾಗಿ ರೋಗಿಗೆ ನಾಲ್ಕು ವಾರಕ್ಕೊಮ್ಮೆ ಸೂಜಿ ಸಾಕು. ಔಷಧವನ್ನು ತಡೆತಡೆದು ಬಿಡಲು ಬೇರೆ ಪ್ಲಾಸ್ಟಿಕ್ ಕಣಗಳನ್ನೇನೂ ಇಲ್ಲಿ ಸೇರಿಸಿಲ್ಲ. ಅಣುಗಳ ಜೋಡಣೆಯೇ ಆ ಕೆಲಸವನ್ನು ಮಾಡುತ್ತದೆ.

ಪುಣೆಯ ಕನ್ನಡಿಗರ ಕೂಟವೊಂದರಲ್ಲಿ ಈ ವಿಷಯ ಹೇಳಿದಾಗ, ಔಷಧ ಕಂಪನಿಯಿಂದ ನಿವೃತ್ತರಾದ ಹಿರಿಯರೊಬ್ಬರು ಕೇಳಿದರು: “ಅಣು ಅದೇ ಆದರೆ ಔಷಧವೂ ಅದೇ ತಾನೆ? ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ?” ಗುಳಿಗೆಗಳ ನಡುವೆ ಬದುಕು ಕಳೆದವರಿಗೆ ಆ ಪ್ರಶ್ನೆ ಸಹಜ. ಜೆಲ್‌ನ ವಿಷಯದಲ್ಲಿ ಮಾತ್ರ ಉತ್ತರ ‘ಅಲ್ಲ’ ಎಂದೇ. ಅಣುಸೂತ್ರ ಒಂದೇ ಇದ್ದು, ಶುದ್ಧತೆ ಒಂದೇ ಇದ್ದು, ನೀರಿನ ಪ್ರಮಾಣವೂ ಒಂದೇ ಇದ್ದು ಎರಡು ಜೆಲ್‌ಗಳು ಎರಡು ಬಗೆಯಾಗಿ ನಡೆದುಕೊಳ್ಳಬಲ್ಲವು. ಜೆಲ್ ಆಗುವಾಗ ಅಣುಗಳು ಯಾವ ದಾರಿಯಲ್ಲಿ ಒಂದಾದವು, ಎಷ್ಟು ಬೇಗ, ಎಷ್ಟು ಉಪ್ಪಿನ ನಡುವೆ, ಎಷ್ಟು ಬಿಸಿಯಲ್ಲಿ ಎಂಬುದೆಲ್ಲ ಜೆಲ್‌ನಲ್ಲಿ ದಾಖಲಾಗಿ ಉಳಿಯುತ್ತದೆ. ಆ ದಾಖಲೆಯನ್ನು ಓದಲು ನಮ್ಮಲ್ಲಿರುವ ಉಪಕರಣಗಳು ಎಷ್ಟು ಸಮರ್ಥ ಎನ್ನುವುದು ಈಗಿನ ಪ್ರಶ್ನೆ.

ಎಫ್‌ಮಾಕ್-ಡೈಫಿನೈಲ್‌ಅಲನೈನ್ ಎಂಬ ಅಣು ಇದಕ್ಕೆ ಒಳ್ಳೆಯ ಉದಾಹರಣೆ. ಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲದ ಎರಡು ತುಣುಕುಗಳ ಜೋಡಿ, ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಗಟ್ಟಿಯಾಗುವ ಪ್ರೋಟೀನಿನ ನಡುಭಾಗದಲ್ಲಿಯೂ ಇದೆ. ಆ ಜೋಡಿಯೊಂದೇ ನೀರಿನಲ್ಲಿ ನ್ಯಾನೋ ಕೊಳವೆಗಳನ್ನು ಕಟ್ಟುತ್ತದೆ ಎಂದು ಟೆಲ್ ಅವೀವ್ ವಿಶ್ವವಿದ್ಯಾಲಯದ ಮೈಟಲ್ ರೆಚೆಸ್ ಮತ್ತು ಎಹುದ್ ಗಾಜಿತ್ 2003ರಲ್ಲಿ ತೋರಿಸಿದರು. ಅದರ ತುದಿಗೆ ಎಫ್‌ಮಾಕ್ ಎಂಬ ಚಪ್ಪಟೆ ಗುಂಪನ್ನು ಸೇರಿಸಿದರೆ ಅಣು ಇನ್ನೂ ಉತ್ಸಾಹದಿಂದ ಎಳೆಗಳಾಗುತ್ತದೆ. ನೂರು ಗ್ರಾಂ ನೀರಿಗೆ ಅರ್ಧ ಗ್ರಾಂ ಹಾಕಿದರೂ ನೀರು ನಿಂತುಬಿಡುತ್ತದೆ, ಸೀಸೆಯನ್ನು ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಇದನ್ನು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು, ಚಪ್ಪಟೆ ಉಂಗುರಗಳ ನಡುವಿನ ಸೆಳೆತ ಮತ್ತು ನೀರಿಗೆ ಒಗ್ಗದ ಭಾಗಗಳು ಒಂದೆಡೆ ಸೇರುವ ಪ್ರವೃತ್ತಿ. ಎಲ್ಲವೂ ಬಿಡಿಬಿಡಿಯಾಗಿ ದುರ್ಬಲ.

ಈ ಪುಡಿಯನ್ನು ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ ನೀರಿಗೆ ಸುರಿದರೆ ನಿಮಿಷಗಳಲ್ಲಿ ಜೆಲ್ ಸಿದ್ಧ. ಇನ್ನೊಂದು ದಾರಿಯಲ್ಲಿ ಪುಡಿಯನ್ನು ಕ್ಷಾರೀಯ ನೀರಿನಲ್ಲಿ ಕರಗಿಸಿ, ಗ್ಲುಕೊನೊ-ಡೆಲ್ಟಾ-ಲ್ಯಾಕ್ಟೋನ್ ಬೆರೆಸುತ್ತಾರೆ. ಟೋಫು ಹೆಪ್ಪುಗಟ್ಟಿಸಲು ಬಳಸುವ ಪದಾರ್ಥವೇ ಇದು. ನೀರಿನಲ್ಲಿ ನಿಧಾನವಾಗಿ ಒಡೆದು ಹುಳಿ ಬಿಡುವುದರಿಂದ ಜೆಲ್ ಗಂಟೆಗಟ್ಟಲೆ ತೆಗೆದುಕೊಂಡು ಎಲ್ಲೆಡೆ ಸಮನಾಗಿ ಕಟ್ಟಿಕೊಳ್ಳುತ್ತದೆ. ಆಮ್ಲವನ್ನು ನೇರವಾಗಿ ಹನಿಸಿದರೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ನೀರು. ಇದೇ ಅಣುವಿನ ಜೆಲ್‌ಗಳ ಬಿಗುಪು ತಯಾರಿಕೆಯ ದಾರಿಯನ್ನು ಅವಲಂಬಿಸಿ ಸಾವಿರಾರು ಪಟ್ಟು ಬದಲಾಗಿರುವ ಅಳತೆಗಳು ವೈಜ್ಞಾನಿಕ ಪತ್ರಿಕೆಗಳಲ್ಲಿವೆ. ಅಡುಗೆಮನೆಗೆ ಪರಿಚಿತವಾದ ಅಗರ್, ಅಂದರೆ ಚೈನಾ ಗ್ರಾಸ್‌ಗೂ ಇಂಥದೇ ಸ್ವಭಾವವಿದೆ. ಅದು ಕರಗಲು ಸುಮಾರು 85 ಡಿಗ್ರಿ ಬಿಸಿ ಬೇಕು, ಮತ್ತೆ ಗಟ್ಟಿಯಾಗುವುದು 40 ಡಿಗ್ರಿಗಿಂತ ಕೆಳಗೆ ಇಳಿದಾಗ. ನಡುವಿನ ಬಿಸಿಯಲ್ಲಿ ಅದು ದ್ರವವೋ ಜೆಲ್ಲೋ ಎಂದು ಹೇಳಬೇಕಾದರೆ ಅದು ಮೇಲಿನಿಂದ ತಣಿದು ಬಂದದ್ದೋ ಕೆಳಗಿನಿಂದ ಕಾದು ಬಂದದ್ದೋ ಎಂದು ಕೇಳಲೇಬೇಕು. ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ 1880ರ ದಶಕದ ಆರಂಭದಲ್ಲಿ ಜೆಲಾಟಿನ್ ಬಿಟ್ಟು ಅಗರ್ ಬಳಸಲು ಸೂಚಿಸಿದ ಫ್ಯಾನಿ ಹೆಸ್ಸೆ ನೆಚ್ಚಿಕೊಂಡದ್ದು ಈ ಗುಣವನ್ನೇ: ಒಮ್ಮೆ ಹೆಪ್ಪುಗಟ್ಟಿದ ಅಗರ್, ಬ್ಯಾಕ್ಟೀರಿಯಾ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಕರಗುವುದಿಲ್ಲ.

ಜೆಲ್‌ನ ಒಳಗೆ ಅಣುಗಳು ಹೇಗೆ ಕುಳಿತಿವೆ ಎಂದು ತಿಳಿಯಲು ರಸಾಯನ ವಿಜ್ಞಾನಿಗಳ ಹಳೆಯ ಸಾಧನ ಅವಕೆಂಪು ರೋಹಿತದರ್ಶನ. ಅಣುವಿನ ಬಂಧಗಳು ತಮ್ಮದೇ ಲಯದಲ್ಲಿ ಕಂಪಿಸುತ್ತವೆ. ಆ ಲಯಕ್ಕೆ ಹೊಂದುವ ಅವಕೆಂಪು ಬೆಳಕನ್ನು ಮಾತ್ರ ಹೀರಿಕೊಳ್ಳುತ್ತವೆ. ಪೆಪ್ಟೈಡ್‌ಗಳಲ್ಲಿ ಇಂಗಾಲ-ಆಮ್ಲಜನಕ ಜೋಡಿಬಂಧದ ಕಂಪನ ಪ್ರತಿ ಸೆಂಟಿಮೀಟರಿಗೆ 1600ರಿಂದ 1700 ಅಲೆಗಳ ಪಟ್ಟಿಯಲ್ಲಿ ಕಾಣುತ್ತದೆ. ಸರಪಳಿಗಳು ಹಾಳೆಯಂತೆ ಪಕ್ಕಪಕ್ಕ ಮಲಗಿದ್ದರೆ 1630ರ ಆಸುಪಾಸಿನಲ್ಲಿ ಗುರುತು, ಸುರುಳಿಯಾಗಿದ್ದರೆ 1650ರ ಆಸುಪಾಸಿನಲ್ಲಿ. ಇಪ್ಪತ್ತೇ ಅಂಕಗಳ ಈ ಸರಿತದಿಂದ ಅಣುಗಳ ಭಂಗಿ ತಿಳಿಯುತ್ತದೆ. ಬಣ್ಣ ಅಂಟಿಸಬೇಕಿಲ್ಲ, ಗುರುತು ಕಟ್ಟಬೇಕಿಲ್ಲ.

ತೊಡಕು ಎಂದರೆ, ಹೀಗೆ ಸಿಗುವುದು ಸರಾಸರಿ. ಸಂಜೆಯ ದಾದರ್ ನಿಲ್ದಾಣದ ಹೊರಗೆ ನಿಂತು ಒಳಗಿನ ಗದ್ದಲ ಕೇಳಿದರೆ ಮರಾಠಿ ಹೆಚ್ಚು, ಗುಜರಾತಿ ಸ್ವಲ್ಪ, ನಡುವೆ ಕನ್ನಡ ಎಂದು ಹೇಳಬಹುದು. ಕನ್ನಡದವರು ಒಂದೇ ಗುಂಪಾಗಿ ನಿಂತಿದ್ದಾರೋ ಬೇರೆ ಬೇರೆ ಪ್ಲಾಟ್‌ಫಾರಮ್ಮುಗಳಲ್ಲಿ ಚದುರಿದ್ದಾರೋ ಎಂದು ಹೇಳಲಾಗದು. ಜೆಲ್‌ನಲ್ಲಿ ಮುಖ್ಯವಾದದ್ದು ಆ ಎರಡನೆಯ ಸಂಗತಿಯೇ. ಎರಡು ಬಗೆಯ ಜೋಡಣೆ ಒಂದೇ ಎಳೆಯಲ್ಲಿ ಬೆರೆತಿದೆಯೋ, ಬೇರೆ ಬೇರೆ ಎಳೆಗಳಾಗಿ ಹೆಣೆದುಕೊಂಡಿದೆಯೋ, ಎಳೆಗಳು ಕೂಡುವ ಗಂಟುಗಳಲ್ಲಿ ಮಾತ್ರ ಬೇರೆಯಾಗಿದೆಯೋ ಎಂಬುದರ ಮೇಲೆ ಜೆಲ್‌ನ ಬಲವೂ ಔಷಧ ಸೋರುವ ವೇಗವೂ ನಿಲ್ಲುತ್ತವೆ.

ಸೂಕ್ಷ್ಮದರ್ಶಕದಲ್ಲಿ ಇಣುಕಿದರೂ ಬಿಡಿಸಲಾಗದ ಕಟ್ಟು ಇದು. ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಸಣ್ಣದನ್ನು ಮಸೂರದಿಂದ ಬಿಡಿಸಿ ನೋಡಲಾಗದು ಎಂದು ಅರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿದ್ದ. ಪೆಪ್ಟೈಡ್ ಪಟ್ಟಿಯ ಅವಕೆಂಪು ಅಲೆಯ ಉದ್ದ ಆರು ಮೈಕ್ರೋಮೀಟರ್. ಅಂದರೆ ನೋಟದ ಚುಕ್ಕೆ ಮೂರು ಮೈಕ್ರೋಮೀಟರ್. ಜೆಲ್‌ನ ಎಳೆಯ ದಪ್ಪ ಹತ್ತು ನ್ಯಾನೋಮೀಟರ್. ಚುಕ್ಕೆ ಎಳೆಗಿಂತ ಮುನ್ನೂರು ಪಟ್ಟು ದೊಡ್ಡದು.

ಈ ಮಿತಿಯನ್ನು ದಾಟುವ ಯೋಚನೆಯೂ ಹಳೆಯದೇ. ಸರ್ ಸಿ.ವಿ. ರಾಮನ್ ಕೋಲ್ಕತ್ತದಲ್ಲಿ ಬೆಳಕಿನ ಚದುರಿಕೆಯ ಹೊಸ ಪರಿಣಾಮವನ್ನು ಕಂಡ 1928ರಲ್ಲಿಯೇ ಐರ್ಲೆಂಡಿನ ಎಡ್ವರ್ಡ್ ಸಿಂಜ್, ಬೆಳಕನ್ನು ಅಲೆಯುದ್ದಕ್ಕಿಂತ ಸಣ್ಣ ರಂಧ್ರದ ಮೂಲಕ ಹಾಯಿಸಿ ಪದಾರ್ಥಕ್ಕೆ ತೀರಾ ಹತ್ತಿರ ತಂದರೆ ಅಬ್ಬೆಯ ಕಟ್ಟು ಸಡಿಲವಾಗುತ್ತದೆ ಎಂದು ಬರೆದ. ಅದನ್ನು ಮಾಡಿ ತೋರಿಸುವ ಕೈ ಸಿಕ್ಕಿದ್ದು ಬಹಳ ತಡವಾಗಿ. 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ರೂಪಿಸಿದ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಮಸೂರವಿಲ್ಲ. ತೆಳುವಾದ ತೊಲೆಯೊಂದರ ಕೊನೆಯಲ್ಲಿ ಕೆಲವೇ ನ್ಯಾನೋಮೀಟರ್ ಮೊನಚಿನ ಸೂಜಿ ಪದಾರ್ಥದ ಮೈಯನ್ನು ಸವರುತ್ತಾ ಹೋಗುತ್ತದೆ. ತೊಲೆಯ ಏರಿಳಿತದಿಂದ ಚಿತ್ರ ಮೂಡುತ್ತದೆ. ಎಳೆಯ ಎತ್ತರ ಗೊತ್ತಾಗುತ್ತದೆ, ಅದರ ರಸಾಯನ ಗೊತ್ತಾಗುವುದಿಲ್ಲ.

ಅವಕೆಂಪು ರೋಹಿತವನ್ನೂ ಈ ಸೂಜಿಯನ್ನೂ ಒಂದು ಮಾಡಿದವರು ಫ್ರಾನ್ಸಿನ ಓರ್ಸೆಯ ಅಲೆಕ್ಸಾಂಡರ್ ದಾಝಿ ಮತ್ತು ಸಂಗಡಿಗರು. 2005ರಲ್ಲಿ ಅವರು ತೋರಿಸಿದ ಉಪಾಯದ ಚೆಲುವು ಎಂದರೆ ಅವರು ಬೆಳಕನ್ನು ಬೆಳಕಿನಿಂದ ಅಳೆಯಲು ಹೋಗಲೇ ಇಲ್ಲ. ಅವಕೆಂಪು ಲೇಸರಿನ ಮಿಡಿತಗಳು ಮಾದರಿಯ ಮೇಲೆ ಬೀಳುತ್ತವೆ. ಆ ಅಲೆಯನ್ನು ಹೀರಬಲ್ಲ ಬಂಧಗಳು ಎಲ್ಲಿವೆಯೋ ಅಲ್ಲಿ ಪದಾರ್ಥ ಕ್ಷಣಮಾತ್ರ ಬಿಸಿಯಾಗಿ ಉಬ್ಬುತ್ತದೆ. ಉಬ್ಬು ಅತ್ಯಲ್ಪ, ಆದರೂ ಮೇಲೆ ಕುಳಿತ ಸೂಜಿಗೆ ಅದು ಒಂದು ತಟ್ಟು. ತೊಲೆ ನಡುಗುತ್ತದೆ. ಲೇಸರಿನ ಅಲೆಯನ್ನು ಬದಲಿಸುತ್ತಾ ಪ್ರತಿ ಅಲೆಗೂ ನಡುಕ ಎಷ್ಟು ಎಂದು ಬರೆದುಕೊಂಡರೆ, ಸೂಜಿಯ ಮೊನೆಯ ಕೆಳಗಿರುವ ಆ ಒಂದೇ ಜಾಗದ ಅವಕೆಂಪು ರೋಹಿತ ಸಿಗುತ್ತದೆ. ಬೆಳಕಿನ ಚುಕ್ಕೆ ಎಷ್ಟು ಅಗಲವಿದ್ದರೂ ಚಿಂತೆಯಿಲ್ಲ. ಕಿವಿಗೊಟ್ಟಿರುವುದು ಸೂಜಿ ಮಾತ್ರ. ಮೊದಲ ಪ್ರಯೋಗಗಳಿಗೆ ಕಟ್ಟಡದಷ್ಟು ದೊಡ್ಡ ಸ್ವತಂತ್ರ-ಎಲೆಕ್ಟ್ರಾನ್ ಲೇಸರ್ ಬೇಕಾಗಿತ್ತು. ಬೆಲ್ ಪ್ರಯೋಗಾಲಯದಲ್ಲಿ 1994ರಲ್ಲಿ ಹುಟ್ಟಿದ ಕ್ವಾಂಟಂ ಕ್ಯಾಸ್ಕೇಡ್ ಲೇಸರ್ ಮೇಜಿನ ಮೇಲೆ ಕೂರುವಂತಾದ ಮೇಲೆ ವಿಧಾನ ಹರಡಿತು. ಲೇಸರಿನ ಮಿಡಿತವನ್ನು ತೊಲೆಯ ಸಹಜ ಕಂಪನಕ್ಕೆ ಹೊಂದಿಸಿ, ಸೂಜಿಗೆ ಚಿನ್ನ ಲೇಪಿಸಿದಾಗ ಸೂಕ್ಷ್ಮತೆ ಎಷ್ಟು ಏರಿತೆಂದರೆ, 2020ರಲ್ಲಿ ಫ್ರಾನ್ಸೆಸ್ಕೊ ರುಜೇರಿ ಮತ್ತು ಸಂಗಡಿಗರು ಒಂಟಿ ಪ್ರೋಟೀನ್ ಅಣುವಿನ ಅವಕೆಂಪು ರೋಹಿತವನ್ನು ಪ್ರಕಟಿಸಿದರು.

ಸೂಜಿಯ ಮೊನೆಯಿಂದ ಚದುರಿದ ಬೆಳಕನ್ನೇ ಅಳೆಯುವ ಇನ್ನೊಂದು ವಿಧಾನವಿದೆ. ರಾಮನ್ ಚದುರಿಕೆಯನ್ನು ಬೆಳ್ಳಿ ಅಥವಾ ಚಿನ್ನದ ಮೊನೆಯಿಂದ ಹಿಗ್ಗಿಸುವ ಮತ್ತೊಂದಿದೆ. ಈ ರಾಮನ್ ವಿಧಾನದಲ್ಲಿ ನೀರಿನ ಕಾಟ ಕಡಿಮೆ. ಆದರೆ ಬೆಳಕು ಮೊನೆಯಲ್ಲಿ ಅತಿಯಾಗಿ ಕೂಡುವುದರಿಂದ ಮೆದುವಾದ ಎಳೆ ಸುಡುವ ಭಯ ಹೆಚ್ಚು.

ಬಣ್ಣ ಕಟ್ಟಿ ನೋಡುವವರು ಇದಕ್ಕೆ ಮೊದಲೇ ದೊಡ್ಡ ಸಂಗತಿಗಳನ್ನು ಕಂಡಿದ್ದರು ಎಂಬುದನ್ನೂ ಹೇಳಬೇಕು. 2014ರಲ್ಲಿ ನೆದರ್ಲೆಂಡ್ಸಿನ ಐಂಡ್‌ಹೋವನ್‌ನ ತಂಡ ಎರಡು ಬಣ್ಣದ ಎಳೆಗಳನ್ನು ನೀರಿನಲ್ಲಿ ಬೆರೆಸಿ, ಬಿಡಿ ಅಣುಗಳು ಎಳೆಯಿಂದ ಎಳೆಗೆ ವಲಸೆ ಹೋಗುವುದನ್ನು ತೋರಿಸಿತು. ವಲಸೆ ಎಳೆಯ ತುದಿಗಳಲ್ಲಿ ಮಾತ್ರ ನಡೆಯುತ್ತದೆ ಎಂಬ ಎಣಿಕೆ ಅಲ್ಲಿ ಸುಳ್ಳಾಯಿತು; ಉದ್ದಕ್ಕೂ ನಡೆಯುತ್ತಿತ್ತು. ಆದರೆ ಎರಡು ಅಮೈನೋ ಆಮ್ಲಗಳ ಪುಟ್ಟ ಅಣುವಿಗೆ ಅದಕ್ಕಿಂತ ದಪ್ಪನಾದ ಬಣ್ಣದ ಅಣುವನ್ನು ಕಟ್ಟಿದರೆ ಅದು ಮೊದಲಿನಂತೆ ಜೋಡಣೆಯಾಗುತ್ತದೆ ಎಂದು ನಂಬಲು ನನಗೆ ಧೈರ್ಯ ಸಾಲದು. ಬಣ್ಣವಿಲ್ಲದೆ ನೋಡುವ ಅವಕೆಂಪು ದಾರಿಗೆ ನಾನು ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ.

ಆ ದಾರಿಗೆ ಅಡ್ಡ ನಿಂತಿರುವುದು ನೀರು. ಜೆಲ್‌ನ ಬಹುಪಾಲು ನೀರೇ. ನೀರಿನ ಅಣು ಬಾಗುವ ಕಂಪನ 1640ರ ಆಸುಪಾಸಿನಲ್ಲಿ ಬೆಳಕನ್ನು ಬಲವಾಗಿ ಹೀರುತ್ತದೆ. ಪೆಪ್ಟೈಡಿನ ಗುರುತು ಇರುವುದೂ ಅಲ್ಲಿಯೇ! ನಾವು ಓದಬೇಕಾದ ಸಾಲಿನ ಮೇಲೆಯೇ ನೀರು ತನ್ನ ಸಹಿ ಹಾಕುತ್ತದೆ. ಅಷ್ಟೇ ಅಲ್ಲ, ದ್ರವದಲ್ಲಿ ಮುಳುಗಿದ ತೊಲೆಯ ನಡುಕ ಬೇಗ ಅಡಗುತ್ತದೆ, ಬಿಸಿಯೂ ನೀರಿಗೆ ಹರಿದು ಹೋಗುತ್ತದೆ. ಹಾಗಾಗಿ ಸುಲಭದ ದಾರಿ ಹಿಡಿದವರು ಹೆಚ್ಚು: ಜೆಲ್‌ನ ಒಂದು ತೊಟ್ಟನ್ನು ಗಟ್ಟಿ ಫಲಕದ ಮೇಲೆ ಸವರಿ, ಒಣಗಿಸಿ, ಉಳಿದ ಎಳೆಗಳ ಮೇಲೆ ಸೂಜಿ ಓಡಿಸುವುದು. ಚಿತ್ರ ಸೊಗಸಾಗಿ ಬರುತ್ತದೆ. ಆದರೆ ನೀರು ಆರುವಾಗ ಎಳೆಗಳು ಒಂದಕ್ಕೊಂದು ಅಂಟುತ್ತವೆ, ಉಪ್ಪು ಹರಳಾಗುತ್ತದೆ, ದ್ರಾವಣ ದಟ್ಟವಾಗುತ್ತಾ ಹೋಗಿ ಜೆಲ್‌ನಲ್ಲಿ ಇಲ್ಲದ ಹೊಸ ಜೋಡಣೆಗಳು ಕೊನೆಯ ಗಳಿಗೆಯಲ್ಲಿ ಹುಟ್ಟಬಹುದು. ಪುಣೆಯಲ್ಲಿ ಸಂಶೋಧನೆ ಮಾಡುತ್ತಿರುವ ವಿಜಯಪುರದ ಹುಡುಗಿಯೊಬ್ಬಳು ಈ ಮಾತು ಬಂದಾಗ, “ಸರ್, ಒಣಗಿಸಿದ ಮೇಲೆ ನಾವು ನೋಡುವುದು ಜೆಲ್ ಅಲ್ಲ, ಜೆಲ್‌ನಿಂದ ಉಳಿದದ್ದು” ಎಂದಳು. ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ. ಒಣ ಮಾದರಿಯ ಚಿತ್ರವನ್ನೇ ಜೆಲ್‌ನ ಚಿತ್ರವೆಂದು ಮುದ್ರಿಸುವ ರೂಢಿ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನೀರನ್ನು ಉಳಿಸಿಕೊಂಡೇ ನೋಡುವ ದಾರಿಗಳು ಈಗ ತೆರೆದಿವೆ. ಮಾದರಿಯನ್ನು ಪಟ್ಟಕದ ಮೇಲಿಟ್ಟು ಲೇಸರನ್ನು ಕೆಳಗಿನಿಂದ ಓರೆಯಾಗಿ ಹಾಯಿಸಿದರೆ ಬೆಳಕು ಪೂರ್ತಿ ಹಿಂದಿರುಗಿ, ಮೈಗೆ ತಾಗಿದ ತೆಳುವಾದ ಪದರವನ್ನು ಮಾತ್ರ ಮುಟ್ಟುತ್ತದೆ; ಮೇಲಿನ ನೀರಿನ ರಾಶಿಗೆ ಅದು ತಲುಪುವುದೇ ಇಲ್ಲ. ಇನ್ನು ಕೆಲವರು ದ್ರವವನ್ನು ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆಯ ಕೆಳಗೆ ಮುಚ್ಚಿ, ಸೂಜಿಯನ್ನು ಹೊರಗೆ ಗಾಳಿಯಲ್ಲಿಟ್ಟು ಹಾಳೆಯ ಮೂಲಕವೇ ರೋಹಿತ ತೆಗೆಯುತ್ತಾರೆ. ಮೂರನೆಯದು ಭಾರಜಲ, ಅಂದರೆ ಜಲಜನಕದ ಜಾಗದಲ್ಲಿ ಅದರ ಭಾರವಾದ ರೂಪ ಡ್ಯೂಟೀರಿಯಂ ಇರುವ ನೀರು. ಸಾಮಾನ್ಯ ನೀರಿನ ಬದಲು ಅದನ್ನು ಬಳಸಿದರೆ ನೀರಿನ ಗುರುತು 1640ರಿಂದ 1210ರ ಆಸುಪಾಸಿಗೆ ಜಾರಿ, ಪೆಪ್ಟೈಡಿನ ಸಾಲು ಖಾಲಿಯಾಗುತ್ತದೆ. ಭಾರಜಲದಲ್ಲಿ ಹೈಡ್ರೋಜನ್ ಬಂಧ ತುಸು ಬಿಗಿ, ಹೀಗಾಗಿ ಜೆಲ್ ಕೂಡ ತುಸು ಬೇರೆ. ಆದರೂ ಒಣಗಿಸುವುದಕ್ಕೆ ಹೋಲಿಸಿದರೆ ಈ ತಪ್ಪು ಸಣ್ಣದು, ಅಳೆದು ತಿಳಿಯಬಹುದಾದದ್ದು.

ಭಾರಜಲದ ಮಾತು ಬಂದಾಗ ಮುಂಬಯಿಯವರಿಗೆ ಟ್ರಾಂಬೆ ನೆನಪಾಗಬೇಕು. ದೇಶದ ಭಾರಜಲ ಮಂಡಳಿಯ ಕೇಂದ್ರ ಕಚೇರಿ ಅಣುಶಕ್ತಿನಗರದಲ್ಲಿದೆ. ಪಕ್ಕದಲ್ಲಿಯೇ ಭಾಭಾ ಪರಮಾಣು ಸಂಶೋಧನ ಕೇಂದ್ರದ ಧ್ರುವ ರಿಯಾಕ್ಟರ್. 1985ರ ಆಗಸ್ಟಿನಲ್ಲಿ ಚಾಲನೆಗೊಂಡ, 100 ಮೆಗಾವಾಟ್ ಸಾಮರ್ಥ್ಯದ ಈ ರಿಯಾಕ್ಟರಿನಿಂದ ಹೊರಬರುವ ನ್ಯೂಟ್ರಾನ್ ಕಿರಣಗಳನ್ನು ಮೆದು ಪದಾರ್ಥಗಳ ಅಧ್ಯಯನಕ್ಕೂ ಬಳಸುತ್ತಾರೆ. ಸಣ್ಣ ಕೋನದಲ್ಲಿ ಚದುರುವ ನ್ಯೂಟ್ರಾನ್‌ಗಳಿಂದ ಒಂದು ನ್ಯಾನೋಮೀಟರಿನಿಂದ ಹತ್ತಾರು ನ್ಯಾನೋಮೀಟರ್‌ವರೆಗಿನ ರಚನೆಗಳ ಗಾತ್ರ, ಆಕಾರ ತಿಳಿಯುತ್ತದೆ. ಸಾಧಾರಣ ಜಲಜನಕ ಮತ್ತು ಡ್ಯೂಟೀರಿಯಂ ನ್ಯೂಟ್ರಾನನ್ನು ಚದುರಿಸುವ ಬಗೆಯಲ್ಲಿ ಅಗಾಧ ವ್ಯತ್ಯಾಸವಿದೆ: ಮೊದಲನೆಯದರ ಚದುರಿಕೆಯ ಅಳತೆ ಋಣ 3.74 ಫೆಮ್ಟೊಮೀಟರ್, ಎರಡನೆಯದರದು ಧನ 6.67. ಭಾರಜಲದಲ್ಲಿ ಮಾಡಿದ ಜೆಲ್‌ನಲ್ಲಿ ಎಳೆಗಳು ಎದ್ದು ಕಾಣುವುದು ಇದರಿಂದಲೇ. ಎರಡು ನೀರುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಜೆಲ್‌ನ ಒಂದು ಘಟಕವನ್ನು ಮರೆಮಾಡಿ ಇನ್ನೊಂದನ್ನು ಮಾತ್ರ ನೋಡಲೂ ಬರುತ್ತದೆ. ಒಣಗಿಸುವ ಪ್ರಶ್ನೆಯೇ ಇಲ್ಲ. ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ ಮತ್ತು ಪರಮಾಣು ಶಕ್ತಿ ಇಲಾಖೆಯ (ಯುಜಿಸಿ-ಡಿಎಇ) ಒಕ್ಕೂಟದ ಮುಂಬಯಿ ಕೇಂದ್ರದ ಮೂಲಕ ಈ ಸೌಲಭ್ಯಕ್ಕೆ ದಾರಿಯಿದೆ. ಧಾರವಾಡ, ಕಲಬುರಗಿ, ಮಂಗಳೂರುಗಳ ವಿಭಾಗಗಳು ಇದನ್ನು ಇನ್ನೂ ಧಾರಾಳವಾಗಿ ಬಳಸಿಕೊಳ್ಳಬೇಕು.

ನ್ಯೂಟ್ರಾನ್ ಕೂಡ ಸರಾಸರಿಯನ್ನೇ ಕೊಡುತ್ತದೆ ಎಂಬುದು ನಿಜ. ಆದರೆ ಸೂಜಿ ನೋಡುವುದು ಎಷ್ಟನ್ನು? ಒಂದು ಮೈಕ್ರೋಮೀಟರ್ ಉದ್ದ, ಒಂದು ಅಗಲ, ಅದರ ಹತ್ತನೆಯ ಒಂದು ಭಾಗ ಆಳ ಎಂದುಕೊಂಡರೆ, ಒಂದು ಮಿಲಿಲೀಟರ್ ಜೆಲ್‌ನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟು ಪುಟ್ಟ ಜಾಗದಲ್ಲಿ ಕಣ್ಣಿಗೆ ಚೆನ್ನಾಗಿ ಕಂಡ ಎಳೆಯನ್ನು ಆರಿಸಿ, ಅದರ ಮೇಲೆ ನಾಲ್ಕಾರು ರೋಹಿತ ತೆಗೆದು, ಇಡೀ ಜೆಲ್ ಹೀಗಿದೆ ಎನ್ನುವುದು ವಿಜ್ಞಾನವಲ್ಲ. ಸೂಜಿಯ ಒತ್ತಡವೇ ಮೆದು ಎಳೆಯನ್ನು ಚಪ್ಪಟೆ ಮಾಡಬಹುದು. ಬಿಗಿ ಜಾಗ ಮತ್ತು ಸಡಿಲ ಜಾಗಗಳಲ್ಲಿ ತೊಲೆಯ ಕಂಪನ ಬದಲಾಗುವುದರಿಂದ, ರಸಾಯನದ ವ್ಯತ್ಯಾಸವೆಂದು ತೋರುವುದು ಕೆಲವೊಮ್ಮೆ ಬಿಗುಪಿನ ವ್ಯತ್ಯಾಸ ಮಾತ್ರ. ಎರಡು ಅಲೆಗಳಲ್ಲಿ ಅಳೆದು ಅವುಗಳ ಅನುಪಾತ ತೆಗೆಯುವುದು ಇದಕ್ಕೆ ಬಳಕೆಯಲ್ಲಿರುವ ಪರಿಹಾರ. ಎಲ್ಲ ಪ್ರಕಟಣೆಗಳೂ ಅಷ್ಟು ಎಚ್ಚರ ವಹಿಸುವುದಿಲ್ಲ.

ಹಾಗಾಗಿ ದುಬಾರಿ ಯಂತ್ರವೊಂದನ್ನು ಕೊಂಡು ಕೋಣೆಯಲ್ಲಿಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲ. ಸೂಜಿ ಜಾಗವನ್ನು ಹೇಳಬೇಕು, ನ್ಯೂಟ್ರಾನ್ ರಾಶಿಯನ್ನು ಹೇಳಬೇಕು, ಬಿಗುಪನ್ನು ಅಳೆಯುವ ರಿಯೋಮೀಟರ್ ನಡತೆಯನ್ನು ಹೇಳಬೇಕು. ಮೂರೂ ಒಂದೇ ಜೆಲ್‌ನ ಬಗ್ಗೆ ಮಾತನಾಡಬೇಕು. ಪುಣೆಯ ಪಾಷಾಣ್‌ನಲ್ಲಿ 1950ರಿಂದ ಇರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲಿಮರ್ ಮತ್ತು ಜೆಲ್‌ಗಳ ಅಧ್ಯಯನಕ್ಕೆ ಗಟ್ಟಿ ಪರಂಪರೆಯಿದೆ; ಗೋವೆಯ ಮಾಶೆಲ್‌ನಲ್ಲಿ ಹುಟ್ಟಿ ಆ ಸಂಸ್ಥೆಯ ನಿರ್ದೇಶಕರಾದ ರಘುನಾಥ ಮಾಶೇಲ್ಕರ್ ಅವರ ಕ್ಷೇತ್ರವೂ ಅದೇ. ಅಲ್ಲಿಂದ ಟ್ರಾಂಬೆಗೆ ಸುಮಾರು 150 ಕಿಲೋಮೀಟರ್. ಎರಡರ ನಡುವಿನ ಪಟ್ಟಿಯಲ್ಲಿ ಔಷಧ ಕಂಪನಿಗಳ ಪ್ರಯೋಗಾಲಯಗಳಿವೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರೂ ಕಡಿಮೆಯೇನಿಲ್ಲ.

ಔಷಧವೊಂದೇ ಕಾರಣವಲ್ಲ. 2010ರ ಆಗಸ್ಟಿನಲ್ಲಿ ಮುಂಬಯಿ ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ಸಮುದ್ರಕ್ಕೆ ಎಣ್ಣೆ ಹರಿದದ್ದು ಹಲವರಿಗೆ ನೆನಪಿದೆ. ಅದಕ್ಕೂ ಒಂಬತ್ತು ವರ್ಷ ಮೊದಲೇ, 2001ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಭಟ್ಟಾಚಾರ್ಯ ಮತ್ತು ಸಹೋದ್ಯೋಗಿ, ನೀರನ್ನು ಹಾಗೆಯೇ ಬಿಟ್ಟು ಮೇಲಿನ ಎಣ್ಣೆಯನ್ನು ಮಾತ್ರ ಜೆಲ್ ಮಾಡುವ ಪುಟ್ಟ ಅಣುವೊಂದನ್ನು ವರದಿ ಮಾಡಿದ್ದರು. ಸೀಸೆಯಲ್ಲಿ ಆದದ್ದು ಉಪ್ಪು ನೀರಿನ ಅಲೆಗಳ ಮೇಲೆ ಅದೇ ವೇಗದಲ್ಲಿ, ಅದೇ ಬಿಗುಪಿನಲ್ಲಿ ಆಗುತ್ತದೆಯೇ ಎಂಬುದೂ ಜೋಡಣೆಯ ದಾರಿಯ ಪ್ರಶ್ನೆಯೇ.

ಸಹಯೋಗಕ್ಕೆ ಕೈ ಹಾಕುವವರಿಗೆ ಒಂದು ಪ್ರಾಯೋಗಿಕ ಮಾತು. ಪುಣೆಯಲ್ಲಿ ಮಾಡಿದ ಜೆಲ್ಲನ್ನು ಕಾರಿನಲ್ಲಿಟ್ಟು ಘಟ್ಟ ಇಳಿಸಿ ಟ್ರಾಂಬೆಗೆ ಒಯ್ದರೆ, ಕುಲುಕಾಟ, ಸೆಕೆ, ಕಳೆದ ಗಂಟೆಗಳು ಮೂರೂ ಸೇರಿ ಅದು ಬೇರೆ ಜೆಲ್ ಆಗಿರುತ್ತದೆ. ಈ ಬಗೆಯ ಜೆಲ್‌ಗಳು ಕಟ್ಟಿಕೊಂಡ ಮೇಲೂ ಗಂಟೆಗಳ ಕಾಲ, ಕೆಲವೊಮ್ಮೆ ದಿನಗಳ ಕಾಲ ಬದಲಾಗುತ್ತಲೇ ಇರುತ್ತವೆ. ಒಯ್ಯಬೇಕಾದದ್ದು ಪುಡಿಯನ್ನು. ಒಂದೇ ತಯಾರಿಕೆಯ ಪುಡಿ, ಒಂದೇ ಸೀಸೆಯ ಭಾರಜಲ, ಆಮ್ಲ ಬಿಡುವ ಲ್ಯಾಕ್ಟೋನಿನ ತೂಕ, ಕಲಕಿದ ಹೊತ್ತು, ಕೋಣೆಯ ಬಿಸಿ ಇವನ್ನೆಲ್ಲ ಬರೆದಿಟ್ಟುಕೊಂಡು ಎರಡೂ ಕಡೆ ಸ್ಥಳದಲ್ಲಿಯೇ ಜೆಲ್ ಮಾಡಬೇಕು. ಮಾಡಿದ ಎಷ್ಟು ಗಂಟೆಗೆ ಅಳೆದರು ಎಂಬುದನ್ನು ಪ್ರತಿ ರೋಹಿತದ ಪಕ್ಕದಲ್ಲಿ ಬರೆಯಬೇಕು.